ಗೋಧಿ ಒಗ್ಗದ ಕರುಳು: ಸೀಲಿಯಾಕ್ ಕಾಯಿಲೆಯ ಬಗ್ಗೆ ತಿಳಿಯೋಣ



ಆಸ್ಪತ್ರೆಯಲ್ಲಿರುವವರನ್ನು ನೋಡಲು ಬರುವಾಗ ಬ್ರೆಡ್ಡು, ಬಿಸ್ಕೀಟು ತರುವುದು ನಮ್ಮಲ್ಲಿ ಬಹಳ ಕಾಲದ ರೂಢಿ. ಹೊಟ್ಟೆ ಕೆಟ್ಟವರಿಗೆ ಹಗುರವೆಂದು ರವೆ ಗಂಜಿ, ಹಾಲಿನಲ್ಲಿ ಅದ್ದಿದ ಬ್ರೆಡ್ಡು ಕೊಡುತ್ತೇವೆ. ಹೆಚ್ಚಿನವರಿಗೆ ಇದರಿಂದ ಯಾವ ತೊಂದರೆಯೂ ಇಲ್ಲ. ಆದರೆ ಕೆಲವರ ಕರುಳಿಗೆ ಗೋಧಿಯೇ ಒಗ್ಗುವುದಿಲ್ಲ. ಅಂಥವರಿಗೆ ಪ್ರೀತಿಯಿಂದ ಕೊಟ್ಟ ಒಂದು ತುಂಡು ಬ್ರೆಡ್ಡೂ ಕಾಯಿಲೆಯನ್ನು ಬೆಳೆಸುತ್ತದೆ. ಇದಕ್ಕೆ ಸೀಲಿಯಾಕ್ ಕಾಯಿಲೆ ಎಂದು ಹೆಸರು.

ಈ ಲೇಖನದಲ್ಲಿ ನೀವು ಮುಖ್ಯವಾಗಿ ನೆನಪಿಡಬೇಕಾದ ಮಾತು ಎರಡು. ಒಂದು, ಪರೀಕ್ಷೆ ಮುಗಿಯುವ ತನಕ ಗೋಧಿ ಬಿಡಬೇಡಿ. ಎರಡು, ಕಾಯಿಲೆ ಖಚಿತವಾದ ಮೇಲೆ ಗೋಧಿಯನ್ನು ಎಂದಿಗೂ ಮುಟ್ಟಬೇಡಿ. ಇವೆರಡೂ ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಹೀಗೇಕೆ ಹೇಳುತ್ತೇವೆಂಬುದನ್ನು ಮುಂದೆ ನೋಡೋಣ.

ಕರುಳಿನಲ್ಲಿ ಏನಾಗುತ್ತದೆ?

ಗೋಧಿ ಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆಯುತ್ತ ಹೋದರೆ ಬಿಳಿಯ ಪಿಷ್ಟವೆಲ್ಲ ಹರಿದುಹೋಗಿ ಕೈಯಲ್ಲಿ ರಬ್ಬರಿನಂಥ ಒಂದು ಅಂಟು ಉಳಿಯುತ್ತದೆ. ಈ ಸಸಾರಜನಕದ ಅಂಟಿಗೆ ಗ್ಲೂಟೆನ್ ಎನ್ನುತ್ತಾರೆ. ಚಪಾತಿಯನ್ನು ತೆಳ್ಳಗೆ ಲಟ್ಟಿಸಲು ಬರುವುದು, ಬ್ರೆಡ್ಡು ಉಬ್ಬುವುದು ಇದರಿಂದಲೇ. ಜೋಳದ ಹಿಟ್ಟಿನಲ್ಲಿ ಈ ಅಂಟಿಲ್ಲ. ಆದ್ದರಿಂದಲೇ ನಮ್ಮ ತಾಯಂದಿರು ಅದಕ್ಕೆ ಬಿಸಿನೀರು ಹಾಕಿ ನಾದಿ, ಕೈಯಿಂದ ಬಡಿದು ರೊಟ್ಟಿ ಮಾಡುತ್ತಾರೆ.

ನಮ್ಮ ಸಣ್ಣ ಕರುಳಿನ ಒಳಗೋಡೆಯ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕದಾದ, ಬೆರಳಿನ ಆಕಾರದ ಲಕ್ಷಾಂತರ ಕುಚ್ಚುಗಳಿವೆ. ಉಂಡ ಅನ್ನದ ಸಾರವನ್ನು ಹೀರಿ ರಕ್ತಕ್ಕೆ ಸೇರಿಸುವುದು ಅವುಗಳ ಕೆಲಸ. ಸೀಲಿಯಾಕ್ ಕಾಯಿಲೆ ಇರುವವರಲ್ಲಿ ಗ್ಲೂಟೆನ್ ಕರುಳನ್ನು ಮುಟ್ಟಿದಾಗ, ರೋಗಾಣುಗಳೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ತನ್ನ ಕರುಳಿನ ಮೇಲೆಯೇ ಎರಗುತ್ತದೆ. ಬೆಳೆದು ನಿಂತ ಹೊಲವನ್ನು ಕೊಯ್ದು ನೆಲಸಮ ಮಾಡಿದಂತೆ ಆ ಕುಚ್ಚುಗಳು ಸವೆದು ಚಪ್ಪಟೆಯಾಗುತ್ತವೆ. ಆಮೇಲೆ ಎಷ್ಟು ಉಂಡರೂ ಸಾರ ಮೈಗೆ ಹತ್ತುವುದಿಲ್ಲ.

ಇದು ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಶಾಪವಲ್ಲ, ಯಾರ ತಪ್ಪೂ ಅಲ್ಲ. ವಂಶದಲ್ಲಿ ಬರುವ ಗುಣ ಮತ್ತು ಗೋಧಿಯ ಆಹಾರ ಎರಡೂ ಸೇರಿದಾಗ ಕೆಲವರಲ್ಲಿ ಕಾಣಿಸಿಕೊಳ್ಳುತ್ತದೆ. ಮಗುವಿಗೂ ಬರಬಹುದು, ಐವತ್ತು ದಾಟಿದವರಲ್ಲೂ ಮೊದಲ ಬಾರಿಗೆ ಗೊತ್ತಾಗಬಹುದು.

ಗೋಧಿಯೇ ಕಾರಣವೆಂದು ತಿಳಿದದ್ದು ಹೇಗೆ?

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ವಿವರಿಸಿ, ಇದು ವಾಸಿಯಾಗುವುದಾದರೆ ಆಹಾರದಿಂದಲೇ ಆಗಬೇಕೆಂದು ಬರೆದರು. ಆದರೆ ಯಾವ ಆಹಾರ ಎಂಬುದು ಅವರಿಗೆ ತಿಳಿದಿರಲಿಲ್ಲ. 1924ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಕೊಟ್ಟು ಹಲವರನ್ನು ಬದುಕಿಸಿದರು. ಗುಣ ಬಾಳೆಹಣ್ಣಿನಲ್ಲಿದೆಯೆಂದು ಅವರು ತಿಳಿದರು. ವಾಸ್ತವವಾಗಿ ಆ ಪಥ್ಯದಲ್ಲಿ ಬ್ರೆಡ್ಡು ಇರಲಿಲ್ಲವೆಂಬುದೇ ಗುಣಕ್ಕೆ ಕಾರಣವಾಗಿತ್ತು.

ನಿಜವಾದ ಉತ್ತರ ಕಂಡುಕೊಂಡವರು ನೆದರ್ಲೆಂಡ್ಸ್ ದೇಶದ ಮಕ್ಕಳ ವೈದ್ಯ ವಿಲ್ಲೆಮ್ ಕಾರೆಲ್ ಡಿಕ್ಕೆ. ಗೋಧಿಯ ಮೇಲೆ ಅವರಿಗೆ 1930ರ ದಶಕದಲ್ಲಿಯೇ ಅನುಮಾನವಿತ್ತು. ಎರಡನೆಯ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ, ಅಂದರೆ 1944-45ರಲ್ಲಿ, ಆ ದೇಶದಲ್ಲಿ ಭೀಕರ ಬರಗಾಲ ಬಂದು ಬ್ರೆಡ್ಡು ಸಿಗುವುದೇ ದುರ್ಲಭವಾಯಿತು. ಊರೆಲ್ಲ ಹಸಿವಿನಿಂದ ಕಂಗೆಟ್ಟಿದ್ದಾಗ ಈ ಕಾಯಿಲೆಯ ಮಕ್ಕಳು ಮಾತ್ರ ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಅವರ ಹೊಟ್ಟೆ ಮತ್ತೆ ಕೆಟ್ಟಿತು. ಡಿಕ್ಕೆ ಅಷ್ಟಕ್ಕೇ ನಿಲ್ಲಲಿಲ್ಲ. ಮಕ್ಕಳಿಗೆ ಕೆಲಕಾಲ ಗೋಧಿ ಕೊಟ್ಟು, ಕೆಲಕಾಲ ನಿಲ್ಲಿಸಿ, ತೂಕವನ್ನೂ ಮಲದಲ್ಲಿನ ಕೊಬ್ಬನ್ನೂ ಅಳೆದು, 1950ರಲ್ಲಿ ತಮ್ಮ ಪ್ರಬಂಧದಲ್ಲಿ ಗೋಧಿಯೇ ಕಾರಣವೆಂದು ತೋರಿಸಿದರು. ಅಲ್ಲಿಯವರೆಗೆ ಅನೇಕ ಮಕ್ಕಳು ಸೊರಗಿ ಸಾಯುತ್ತಿದ್ದರು. ಈ ಒಂದು ತಿಳಿವಳಿಕೆ ಎಷ್ಟೋ ಮಕ್ಕಳ ಜೀವ ಉಳಿಸಿತು.

ನಮ್ಮ ದೇಶದಲ್ಲಿ ಇದೆಯೇ?

ಇದು ಬಿಳಿಯರ ಕಾಯಿಲೆ, ನಮ್ಮಲ್ಲಿ ಇಲ್ಲ ಎಂದು ಹಿಂದೆ ತಿಳಿಯಲಾಗಿತ್ತು. ದೆಹಲಿ ಪ್ರದೇಶದ ಜನರಲ್ಲಿ ನಡೆಸಿದ, 2011ರಲ್ಲಿ ಪ್ರಕಟವಾದ ಅಧ್ಯಯನ ಸುಮಾರು 96 ಮಂದಿಯಲ್ಲಿ ಒಬ್ಬರಿಗೆ ಈ ಕಾಯಿಲೆ ಇರುವುದನ್ನು ತೋರಿಸಿತು. ದೇಶದ ಮೂರು ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಮತ್ತೊಂದು ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಗೆ ಕಾಯಿಲೆ ಇದ್ದರೆ, ದಕ್ಷಿಣದಲ್ಲಿ ನೂರಕ್ಕೆ 0.10, ಅಂದರೆ ಸಾವಿರಕ್ಕೆ ಒಬ್ಬರಿಗೆ ಇತ್ತು. ಕಾಯಿಲೆಗೆ ಎಡೆಕೊಡುವ ವಂಶಗುಣ ಮಾತ್ರ ಎರಡೂ ಕಡೆ ಸುಮಾರು ಮೂರರಲ್ಲಿ ಒಬ್ಬರಿಗೆ ಇತ್ತು. ದೊಡ್ಡ ವ್ಯತ್ಯಾಸ ಇದ್ದದ್ದು ತಟ್ಟೆಯಲ್ಲಿ: ಉತ್ತರದವರು ದಕ್ಷಿಣದವರಿಗಿಂತ ಹಲವು ಪಟ್ಟು ಗೋಧಿ ತಿನ್ನುತ್ತಿದ್ದರು.

ಸಾವಿರಕ್ಕೆ ಒಬ್ಬರೆಂದರೆ ಕಡಿಮೆಯೆಂದು ಅಲಕ್ಷಿಸುವಂತಿಲ್ಲ. ರೊಟ್ಟಿಯ ಜಾಗದಲ್ಲಿ ಚಪಾತಿ, ಅಂಬಲಿಯ ಜಾಗದಲ್ಲಿ ಬಿಸ್ಕೀಟು, ಸಂಜೆಗೆ ಮೈದಾದ ತಿಂಡಿ ಬಂದಿರುವ ಮನೆಗಳು ನಮ್ಮ ಭಾಗದಲ್ಲಿಯೂ ಬೇಕಾದಷ್ಟಿವೆ.

ಯಾವಾಗ ಅನುಮಾನ ಪಡಬೇಕು?

ತಿಂಗಳುಗಟ್ಟಲೆ ನಿಲ್ಲದ ಭೇದಿ, ಹೊಟ್ಟೆ ಉಬ್ಬರ, ತೂಕ ಇಳಿಯುವುದು ಇದರ ಸಾಮಾನ್ಯ ಲಕ್ಷಣಗಳು. ಆದರೆ ಭೇದಿ ಇಲ್ಲದೆಯೂ ಈ ಕಾಯಿಲೆ ಇರಬಹುದು. ಕಬ್ಬಿಣಾಂಶದ ಮಾತ್ರೆ ಎಷ್ಟು ನುಂಗಿದರೂ ಏರದ ರಕ್ತಹೀನತೆ, ವಯಸ್ಸಿಗೆ ತಕ್ಕಂತೆ ಎತ್ತರ ಬೆಳೆಯದ ಮಗು, ತಡವಾಗಿ ಮೈನೆರೆಯುವುದು, ಮೇಲಿಂದ ಮೇಲೆ ಬಾಯಿಹುಣ್ಣು, ಎಳೆವಯಸ್ಸಿನಲ್ಲೇ ಎಲುಬು ಸವೆಯುವುದು, ಕಾರಣ ತಿಳಿಯದ ಬಂಜೆತನ ಅಥವಾ ಪದೇ ಪದೇ ಗರ್ಭಪಾತ, ಮೊಣಕೈ ಮೊಣಕಾಲುಗಳ ಮೇಲೆ ವಿಪರೀತ ತುರಿಸುವ ಗುಳ್ಳೆಗಳು, ಇವುಗಳ ಹಿಂದೆಯೂ ಈ ಕಾಯಿಲೆ ಅಡಗಿರಬಹುದು. ಮನೆಯಲ್ಲಿ ಒಬ್ಬರಿಗೆ ಇದ್ದರೆ ಅವರ ತಂದೆತಾಯಿ, ಒಡಹುಟ್ಟಿದವರು, ಮಕ್ಕಳು ಲಕ್ಷಣ ಇಲ್ಲದಿದ್ದರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಹಾಗೆಂದು ಹೊಟ್ಟೆಯ ಎಲ್ಲ ತೊಂದರೆಗೂ ಗೋಧಿಯನ್ನೇ ದೂರಬೇಡಿ. ಹಾಲು ಅರಗದಿರುವುದು, ಕರುಳಿನ ಕ್ಷಯ, ಜಂತುಹುಳು, ಮನಸ್ಸಿನ ಒತ್ತಡದೊಂದಿಗೆ ಏರಿಳಿಯುವ ಕರುಳಿನ ತೊಂದರೆ, ಇವೆಲ್ಲ ಬೇರೆ ಬೇರೆ. ದಕ್ಷಿಣ ಭಾರತದಲ್ಲಿ ಟ್ರಾಪಿಕಲ್ ಸ್ಪ್ರೂ ಎಂಬ ಕಾಯಿಲೆಯೂ ಇದೆ. 1960ರ ದಶಕದಲ್ಲಿ ಅದು ಹಳ್ಳಿಗಳಲ್ಲಿ ಸಾಂಕ್ರಾಮಿಕದಂತೆ ಬಂದಾಗ ವೆಲ್ಲೂರಿನ ವೈದ್ಯರು ಅದನ್ನು ವಿವರವಾಗಿ ಅಧ್ಯಯನ ಮಾಡಿದರು. ಅದರಲ್ಲಿಯೂ ಕರುಳಿನ ಕುಚ್ಚುಗಳು ಸವೆಯುತ್ತವೆ, ಆದರೆ ಅದಕ್ಕೆ ಔಷಧವೇ ಬೇರೆ: ಫೋಲಿಕ್ ಆಮ್ಲ ಮತ್ತು ಜೀವಿರೋಧಕ ಮಾತ್ರೆಗಳು. ಆದ್ದರಿಂದ ನೀವೇ ಊಹಿಸಿ ಪಥ್ಯ ಹಿಡಿಯುವುದು ಸರಿಯಲ್ಲ.

ಪರೀಕ್ಷೆಗೆ ಮೊದಲು ಗೋಧಿ ಬಿಡಬೇಡಿ

ಮೊದಲು ಮಾಡುವುದು ರಕ್ತ ಪರೀಕ್ಷೆ. ಇದರಲ್ಲಿ ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ಎಂಬ ವಸ್ತುವಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳನ್ನು ನೋಡುತ್ತಾರೆ. 1997ರಲ್ಲಿ ಜರ್ಮನಿಯ ಸಂಶೋಧಕರು ಈ ವಸ್ತುವನ್ನು ಗುರುತಿಸಿದ ಮೇಲೆ ಕಾಯಿಲೆಯನ್ನು ಪತ್ತೆ ಮಾಡುವುದು ಬಹಳ ಸುಲಭವಾಯಿತು. ಅದರಲ್ಲಿ ದೋಷ ಕಂಡರೆ ಸಾಮಾನ್ಯವಾಗಿ ಬಾಯಿಯ ಮೂಲಕ ಎಂಡೋಸ್ಕೋಪಿ ಕೊಳವೆ ಇಳಿಸಿ, ಸಣ್ಣ ಕರುಳಿನಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಚೂರು ತೆಗೆಯುವಾಗ ನೋವಾಗುವುದಿಲ್ಲ, ಹೆದರಬೇಕಾಗಿಲ್ಲ.

ಈ ಎರಡು ಪರೀಕ್ಷೆಗಳೂ ನೋಡುವುದು ಗೋಧಿಯಿಂದಾದ ಹಾನಿಯನ್ನು. ನೀವು ಯಾರದೋ ಮಾತು ಕೇಳಿ ಮೊದಲೇ ಗೋಧಿ ಬಿಟ್ಟರೆ ಪ್ರತಿಕಾಯಗಳು ಇಳಿಯುತ್ತವೆ, ಕರುಳು ಮಾಯತೊಡಗುತ್ತದೆ. ಕಾಯಿಲೆ ಇದ್ದರೂ ಪರೀಕ್ಷೆಯಲ್ಲಿ ಇಲ್ಲವೆಂದು ಬರಬಹುದು. ಆಗ ಮತ್ತೆ ಕೆಲವು ವಾರ ಗೋಧಿ ತಿಂದು, ನೋವು ಅನುಭವಿಸಿ, ಪರೀಕ್ಷೆಯನ್ನು ಮೊದಲಿನಿಂದ ಮಾಡಿಸಬೇಕಾದೀತು. ಈಗಾಗಲೇ ಬಿಟ್ಟಿದ್ದರೆ ಮುಚ್ಚಿಡದೆ ವೈದ್ಯರಿಗೆ ಹೇಳಿ.

ಖಚಿತವಾದ ಮೇಲೆ ಪಥ್ಯವೇ ಔಷಧ

ಇಂದಿಗೂ ಈ ಪಥ್ಯಕ್ಕೆ ಬದಲಾಗಿ ನುಂಗಬಹುದಾದ ಒಪ್ಪಿತ ಮಾತ್ರೆ ಇಲ್ಲ. ಸಂಶೋಧನೆ ನಡೆಯುತ್ತಿದೆ. 2021ರಲ್ಲಿ ಒಂದು ಮಾತ್ರೆಯ ಪ್ರಯೋಗ ಆಶಾದಾಯಕ ಫಲಿತಾಂಶ ಕೊಟ್ಟರೆ, ಇನ್ನೊಂದು ಔಷಧದ ಪ್ರಯೋಗವನ್ನು 2022ರಲ್ಲಿ ಪ್ರಯೋಜನ ಕಾಣದೆ ನಿಲ್ಲಿಸಲಾಯಿತು. ಬುಡಸಹಿತ ವಾಸಿ ಮಾಡುತ್ತೇವೆಂದು ಪುಡಿ, ಕಷಾಯ ಮಾರುವವರಿಗೆ ಹಣ ಕೊಟ್ಟು ಮೋಸಹೋಗಬೇಡಿ.

ಬಿಡಬೇಕಾದವು: ಗೋಧಿ, ಬಾರ್ಲಿ, ರೈ ಧಾನ್ಯಗಳು. ಗೋಧಿಯೆಂದರೆ ಚಪಾತಿ ಮಾತ್ರವಲ್ಲ. ರವೆ, ಮೈದಾ, ಶಾವಿಗೆ, ಉಪ್ಪಿಟ್ಟು, ಸಜ್ಜಕ, ಮಾದಲಿ, ಗೋಧಿ ಹುಗ್ಗಿ, ಹೋಳಿಗೆಯ ಕಣಕ, ಬ್ರೆಡ್ಡು, ಬಿಸ್ಕೀಟು, ಗೋಬಿ ಮಂಚೂರಿ, ಹಾಲಿಗೆ ಬೆರೆಸುವ ಮಾಲ್ಟ್ ಪುಡಿಗಳು, ಎಲ್ಲವೂ ಸೇರಿದವು. ಸದಕ ಗೋಧಿ ಹಳೆಯ ತಳಿ, ಅದು ಆದೀತು ಎಂಬುದು ತಪ್ಪು. ಅದರಲ್ಲಿಯೂ ಗ್ಲೂಟೆನ್ ಇದೆ. ಅಂಗಡಿಯ ಇಂಗಿಗೂ ಹಲವು ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಪೊಟ್ಟಣದ ಮೇಲೆ ಓದಿ ನೋಡಿ.

ತಿನ್ನಬಹುದಾದವು: ಜೋಳ, ಸಜ್ಜೆ, ರಾಗಿ, ನವಣೆ, ಸಾವೆ, ಅಕ್ಕಿ, ಗೋವಿನಜೋಳ, ಅವಲಕ್ಕಿ, ಚುರುಮುರಿ, ಎಲ್ಲ ಬೇಳೆಕಾಳುಗಳು, ತರಕಾರಿ, ಹಣ್ಣು, ಶೇಂಗಾ. ಹಾಲು ಮೊಸರು ಆರಂಭದಲ್ಲಿ ಅರಗದಿದ್ದರೆ ಕರುಳು ಮಾಯುವ ತನಕ ಕಡಿಮೆ ಮಾಡಿ. ಬೇರೆ ದೇಶಗಳ ರೋಗಿಗಳು ದುಬಾರಿ ಬೆಲೆ ಕೊಟ್ಟು ಕೊಳ್ಳುವ ಗ್ಲೂಟೆನ್ ಇಲ್ಲದ ಆಹಾರ ನಮ್ಮ ಹಿರಿಯರ ನಿತ್ಯದ ಊಟವೇ ಆಗಿತ್ತು. ಬಡವರೂ ಈ ಪಥ್ಯವನ್ನು ಸುಖವಾಗಿ ನಡೆಸಬಹುದು.

ಆದರೆ ಒಂದು ಎಚ್ಚರ ಬೇಕು. ಗ್ಲೂಟೆನ್ ಇಲ್ಲವೆಂದು ಹೇಳಿಕೊಳ್ಳುವ ಆಹಾರದಲ್ಲಿ ಅದು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂದು ನಮ್ಮ ದೇಶದ ನಿಯಮವಿದೆ. ಇದು ಒಂದು ಚಿಟಿಕೆಗಿಂತಲೂ ಕಡಿಮೆ. ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿದರೆ ಅದಕ್ಕಿಂತ ಹೆಚ್ಚು ಬೆರೆಯಬಹುದು. ಆದ್ದರಿಂದ ಸಾಧ್ಯವಾದರೆ ಮನೆಯಲ್ಲಿಯೇ ಬೀಸಿಕೊಳ್ಳಿ, ಇಲ್ಲವೆ ಗೋಧಿ ಬೀಸದ ಗಿರಣಿ ಹುಡುಕಿ. ರೊಟ್ಟಿಯ ಹಿಟ್ಟು ನಾದುವ ಪರಾತ, ತವೆ, ಜರಡಿಗಳನ್ನು ಬೇರೆ ಇಡಿ. ಚಪಾತಿ ಕರಿದ, ಸುಟ್ಟ ಎಣ್ಣೆ ಪಾತ್ರೆಗಳನ್ನು ಬೆರೆಸಬೇಡಿ.

ಪಥ್ಯ ಸರಿಯಾಗಿದ್ದರೆ ಕೆಲವೇ ವಾರಗಳಲ್ಲಿ ಹೊಟ್ಟೆ ಹಗುರವಾಗಿ ಹಸಿವು ಹುಟ್ಟುತ್ತದೆ. ಮಕ್ಕಳು ಬೆಳೆಯತೊಡಗುತ್ತಾರೆ. ಆದರೆ ಕರುಳು ಪೂರ್ತಿ ಮಾಯಲು ತಿಂಗಳುಗಳು, ದೊಡ್ಡವರಲ್ಲಿ ವರ್ಷವೋ ಎರಡು ವರ್ಷವೋ ಬೇಕು. ಹುಷಾರಾಯಿತೆಂದು ಪಥ್ಯ ಮುರಿದರೆ ಹಾನಿ ಒಳಗೊಳಗೇ ಮರಳಿ ಆರಂಭವಾಗುತ್ತದೆ.

ಪ್ರಸಾದದ ವಿಷಯ

ಜಾತ್ರೆ, ಮದುವೆ, ಮಠದ ದಾಸೋಹದಲ್ಲಿ ಗೋಧಿ ಹುಗ್ಗಿ ಬಡಿಸಿದಾಗ ಬೇಡವೆನ್ನಲು ಅನೇಕರು ಅಂಜುತ್ತಾರೆ. ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದಾದ್ದರಿಂದ ಈ ಅಂಜಿಕೆ ಸಹಜ. ಆದರೆ ಪ್ರಸಾದವೆಂಬುದು ಒಂದೇ ಧಾನ್ಯಕ್ಕೆ ಕಟ್ಟುಬಿದ್ದದ್ದಲ್ಲ. ಬಾಳೆಹಣ್ಣು, ಕೊಬ್ಬರಿ, ಕಲ್ಲುಸಕ್ಕರೆ, ಅನ್ನ, ಭಕ್ತಿಯಿಂದ ಅರ್ಪಿಸಿ ಸ್ವೀಕರಿಸಿದರೆ ಅದೂ ಪ್ರಸಾದವೇ. ಶರಣ ಧರ್ಮ ದೇಹವನ್ನು ಕೀಳೆಂದು ಕಾಣಲಿಲ್ಲ. ಕಾಯಕಕ್ಕೆ ತಕ್ಕಂತೆ ಅದನ್ನು ಕಾಪಾಡಿಕೊಳ್ಳಲು ಹೇಳಿತು. ಬಡಿಸುವವರಿಗೆ ಮೊದಲೇ ತಿಳಿಸಿ ಬೇರೆ ಸೌಟಿನಿಂದ ಅನ್ನ ಹಾಕಿಸಿಕೊಳ್ಳಿ.

ಮನೆಯವರಿಗೂ ಒಂದು ಮಾತು. “ಒಂದು ತುತ್ತು ತಿಂದರೆ ಏನಾಗುತ್ತದೆ?” ಎಂದು ಒತ್ತಾಯಿಸಬೇಡಿ. ಸೊಸೆ ನಖರೆ ಮಾಡುತ್ತಾಳೆ, ಮಗು ಹಟ ಮಾಡುತ್ತದೆ ಎನ್ನಬೇಡಿ. ಶಾಲೆಯ ಗುರುಗಳಿಗೂ ಬಿಸಿಯೂಟ ಬಡಿಸುವವರಿಗೂ ತಿಳಿಸಿ. ಸಾಧ್ಯವಾದರೆ ಮನೆಯವರೆಲ್ಲ ಒಂದು ಹೊತ್ತಾದರೂ ರೋಗಿಯ ಜೊತೆ ರೊಟ್ಟಿಯನ್ನೇ ಉಣ್ಣಿ. ತನ್ನದು ಬೇರೆ ತಟ್ಟೆಯೆಂಬ ನೋವು ಆಗ ಅವರಿಗೆ ಇರುವುದಿಲ್ಲ.

ಅನುಮಾನವಿದ್ದರೆ ಹೊರರೋಗಿ ವಿಭಾಗದಲ್ಲಿ ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಎಂದಿನಂತೆ ಉಣ್ಣಿ. ಖಚಿತವಾದ ಮೇಲೆ ಪಥ್ಯವನ್ನು ವ್ರತದಂತೆ ಪಾಲಿಸಿ.