ಹಾರ್ಮೋನು ಚಿಕಿತ್ಸೆಯ ಅಡ್ಡಪರಿಣಾಮಗಳು ಮತ್ತು ನಮ್ಮ ಮೌನ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆಗಳು ಮುಗಿದ ದಿನ ಮನೆಯವರೆಲ್ಲರೂ ನೆಮ್ಮದಿಯ ಉಸಿರು ಬಿಡುತ್ತಾರೆ. ಶ್ರೀಮಠಕ್ಕೆ ಬಂದು ಗದ್ದುಗೆಗೆ ನಮಸ್ಕರಿಸಿ ಹೋಗುತ್ತಾರೆ. ಆದರೆ ಅನೇಕರಿಗೆ ಚಿಕಿತ್ಸೆಯ ಅತ್ಯಂತ ದೀರ್ಘವಾದ ಭಾಗ ಆರಂಭವಾಗುವುದು ಆ ಬಳಿಕವೇ. ದಿನಕ್ಕೊಂದು ಸಣ್ಣ ಗುಳಿಗೆ. ಐದು ವರ್ಷ, ಕೆಲವರಿಗೆ ಹತ್ತು ವರ್ಷ. ಈ ಗುಳಿಗೆ ತರುವ ತೊಂದರೆಗಳನ್ನು ಯಾರಲ್ಲಿಯೂ ಹೇಳಿಕೊಳ್ಳಲಾರದೆ, ವೈದ್ಯರಿಗೂ ತಿಳಿಸದೆ ನಡುವೆಯೇ ನಿಲ್ಲಿಸಿಬಿಡುವವರು ಕಡಿಮೆಯಲ್ಲ. ನಾವು ಈ ಸಂಚಿಕೆಯಲ್ಲಿ ಆ ತೊಂದರೆಗಳನ್ನೂ ಅವುಗಳಿಗಿರುವ ಪರಿಹಾರಗಳನ್ನೂ ವಿವರಿಸಲು ಬಯಸುತ್ತೇವೆ.

ಈ ಚಿಕಿತ್ಸೆ ಏನು ಮಾಡುತ್ತದೆ?

ಸ್ತನ ಕ್ಯಾನ್ಸರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಆಸರೆಯಿಂದ ಬೆಳೆಯುತ್ತವೆ. 1896ರಲ್ಲಿ ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ ಅವರು ಅಂಡಾಶಯಗಳನ್ನು ತೆಗೆದರೆ ಕೆಲವರ ಸ್ತನದ ಗಡ್ಡೆ ಕುಗ್ಗುವುದನ್ನು ವರದಿ ಮಾಡಿದರು. ಇಂದು ಅದೇ ಕಾರ್ಯವನ್ನು ಗುಳಿಗೆಗಳು ಬೇರೆ ರೀತಿಯಲ್ಲಿ ಮಾಡುತ್ತವೆ. ಟ್ಯಾಮೋಕ್ಸಿಫೆನ್ ಈಸ್ಟ್ರೋಜೆನ್ನನ್ನು ಕ್ಯಾನ್ಸರ್ ಕೋಶದ ಬಾಗಿಲಲ್ಲಿಯೇ ತಡೆಯುತ್ತದೆ. ಮುಟ್ಟು ನಿಂತವರಿಗೆ ಹೆಚ್ಚಾಗಿ ಕೊಡುವ ಲೆಟ್ರೋಜೋಲ್, ಅನಾಸ್ಟ್ರೋಜೋಲ್ ಗುಳಿಗೆಗಳು ಈಸ್ಟ್ರೋಜೆನ್ನಿನ ಉತ್ಪತ್ತಿಯನ್ನೇ ತಗ್ಗಿಸುತ್ತವೆ.

ಐದು ವರ್ಷ ಟ್ಯಾಮೋಕ್ಸಿಫೆನ್ ಸೇವಿಸಿದವರಲ್ಲಿ ಹದಿನೈದು ವರ್ಷಗಳ ಅವಧಿಯಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಮೂರನೆಯ ಒಂದು ಭಾಗದಷ್ಟು ಕಡಿಮೆಯಾಗುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ತಿಳಿದಿದೆ. ಇಷ್ಟಾದರೂ 2010ರಲ್ಲಿ ಪ್ರಕಟವಾದ ಕ್ಯಾಲಿಫೋರ್ನಿಯಾದ ಅಧ್ಯಯನವೊಂದರಲ್ಲಿ, ಹಾರ್ಮೋನು ಗುಳಿಗೆ ಆರಂಭಿಸಿದ ಎಂಟು ಸಾವಿರಕ್ಕೂ ಹೆಚ್ಚು ಮಹಿಳೆಯರ ಪೈಕಿ ಅದನ್ನು ಪೂರ್ಣ ಅವಧಿಯವರೆಗೆ ಕ್ರಮವಾಗಿ ಸೇವಿಸಿದವರು ಸುಮಾರು ಅರ್ಧದಷ್ಟು ಮಾತ್ರ. ಗುಳಿಗೆ ನಿಲ್ಲಿಸಿದ ಮರುದಿನ ಏನೂ ಆಗುವುದಿಲ್ಲ. ಬದಲಿಗೆ ಮೈ ಹಗುರವೆನಿಸುತ್ತದೆ. ಮೋಸವಿರುವುದು ಅಲ್ಲಿಯೇ.

ಮೈ ಬಿಸಿಯೇರುವುದು

ಇದ್ದಕ್ಕಿದ್ದಂತೆ ಎದೆ, ಕುತ್ತಿಗೆ, ಮುಖಗಳಿಗೆ ಬಿಸಿಯೇರಿ, ಬೆವರು ಹರಿದು, ಮತ್ತೆ ಚಳಿಯಾಗುವುದು ಸಾಮಾನ್ಯ ತೊಂದರೆ. ಮೈಸೂರಿನ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ಇದು ಇನ್ನಷ್ಟು ಬಾಧಿಸುತ್ತದೆ. ಹತ್ತಿಯ ಸಡಿಲ ಉಡುಪು, ಹಾಸಿಗೆಯ ಬಳಿ ತಣ್ಣೀರು, ನಿಧಾನವಾದ ದೀರ್ಘ ಉಸಿರಾಟ ಸಹಾಯಕ. ಹೆಚ್ಚು ಖಾರ, ಬಿಸಿ ಕಾಫಿ ಕೆಲವರಿಗೆ ಇದನ್ನು ಕೆರಳಿಸುತ್ತವೆ. ಯಾವುದರ ನಂತರ ಬಿಸಿಯೇರಿತೆಂದು ಎರಡು ವಾರ ಬರೆದಿಟ್ಟರೆ ತಮ್ಮ ಕಾರಣ ತಮಗೇ ತಿಳಿಯುತ್ತದೆ. ನಿದ್ರೆಯೇ ಕೆಡುವಷ್ಟಿದ್ದರೆ ವೈದ್ಯರು ಹಾರ್ಮೋನಿಲ್ಲದ ಔಷಧಿಗಳನ್ನು ಕೊಡಬಲ್ಲರು.

ಕೀಲು ನೋವು ಮತ್ತು ಮೂಳೆ

ಲೆಟ್ರೋಜೋಲ್ ವರ್ಗದ ಗುಳಿಗೆಗಳಿಂದ ಬೆಳಿಗ್ಗೆ ಎದ್ದಾಗ ಬೆರಳು, ಮಂಡಿಗಳು ಬಿಗಿಯುತ್ತವೆ. ನೋವಿದೆಯೆಂದು ಕುಳಿತುಬಿಟ್ಟರೆ ಬಿಗಿತ ಹೆಚ್ಚುತ್ತದೆ. ಕ್ರಮವಾದ ನಡಿಗೆ ಮತ್ತು ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮದಿಂದ ನೋವು ತಗ್ಗುವುದು ಅಧ್ಯಯನಗಳಲ್ಲಿ ಕಂಡಿದೆ. ವಾರಕ್ಕೆ ಒಟ್ಟು 150 ನಿಮಿಷಗಳ ನಡಿಗೆ ಗುರಿಯಾಗಿರಲಿ. ಕುಕ್ಕರಹಳ್ಳಿ ಕೆರೆಯ ಸಮತಟ್ಟಾದ ದಾರಿ ಇದಕ್ಕೆ ತಕ್ಕುದು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಮಂಡಿನೋವಿನವರು ಈ ಕಾಲದಲ್ಲಿ ಹರಕೆಗಾಗಿಯೂ ಹತ್ತುವುದು ಬೇಡ. ನೆಲದ ಮೇಲೆ ಕುಳಿತು ಇಷ್ಟಲಿಂಗ ಪೂಜೆ ಮಾಡಲಾಗದಿದ್ದರೆ ಕುರ್ಚಿಯ ಮೇಲೆ ಕುಳಿತು ಮಾಡಬಹುದು, ಲಿಂಗವಿರುವುದು ಅಂಗೈಯಲ್ಲಿ. ನೋವು ತಡೆಯಲಾಗದಿದ್ದರೆ ಅದೇ ವರ್ಗದ ಬೇರೊಂದು ಗುಳಿಗೆಗೆ ಬದಲಾಯಿಸುವ ದಾರಿಯೂ ವೈದ್ಯರಲ್ಲಿದೆ.

ಈ ಗುಳಿಗೆಗಳು ಮೂಳೆಯನ್ನೂ ಸವೆಸುತ್ತವೆ. ಆದ್ದರಿಂದ ಆರಂಭದಲ್ಲಿ ಡೆಕ್ಸಾ ಎಂಬ ಮೂಳೆ ಸಾಂದ್ರತೆಯ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಅವಧಿಗೆ ಪುನಃ ಮಾಡಿಸಬೇಕು. ನಮ್ಮ ರಾಗಿ ಇಲ್ಲಿ ದೊಡ್ಡ ಆಸರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಹಾಲು, ಮೊಸರು, ಎಳ್ಳು, ಸೊಪ್ಪುಗಳೂ ಇರಲಿ. ಡಿ ಜೀವಸತ್ವ ಕಡಿಮೆಯಿದ್ದರೆ ವೈದ್ಯರ ಸಲಹೆಯಂತೆ ಪೂರೈಸಿಕೊಳ್ಳಬೇಕು. ಮೂಳೆ ಬಲಪಡಿಸುವ ಚುಚ್ಚುಮದ್ದು ಸೂಚಿಸಿದರೆ ಅದಕ್ಕೆ ಮೊದಲು ಹಲ್ಲುಗಳನ್ನು ಪರೀಕ್ಷಿಸಿಕೊಳ್ಳುವುದು ಅವಶ್ಯ.

ಹೇಳಿಕೊಳ್ಳಲಾಗದ ತೊಂದರೆಗಳು

ಜನನಾಂಗದ ಒಣಗುವಿಕೆ, ಉರಿ, ದಾಂಪತ್ಯದಲ್ಲಿ ನೋವು, ನಿರಾಸಕ್ತಿ, ಕಾರಣವಿಲ್ಲದ ಅಳು, ಖಿನ್ನತೆ: ಇವು ಈ ಔಷಧಿಗಳ ಪರಿಣಾಮಗಳೇ ಆಗಿರಬಹುದು. ಆದರೆ ಮಹಿಳೆಯರು ಇವನ್ನು ತಮ್ಮ ದೌರ್ಬಲ್ಯವೆಂದು ಬಗೆದು ಬಾಯಿ ಮುಚ್ಚಿಕೊಳ್ಳುತ್ತಾರೆ. ಶರಣ ಧರ್ಮ ತಿರಸ್ಕರಿಸಿದ ಐದು ಸೂತಕಗಳಲ್ಲಿ ರಜಸ್ಸೂತಕವೂ ಒಂದು ಎಂಬುದನ್ನು ನಾವು ಇಲ್ಲಿ ನೆನೆಯಬೇಕು. ಹೆಣ್ಣಿನ ದೇಹಧರ್ಮದಲ್ಲಿ ಮೈಲಿಗೆಯಿಲ್ಲವೆಂದು ಹನ್ನೆರಡನೆಯ ಶತಮಾನದಲ್ಲಿಯೇ ಸಾರಿದ ಪರಂಪರೆಯವರಾದ ನಮಗೆ, ಅದೇ ದೇಹದ ನೋವನ್ನು ವೈದ್ಯರ ಮುಂದೆ ಹೇಳಲು ಸಂಕೋಚವೇಕೆ? ಹಾರ್ಮೋನಿಲ್ಲದ ತೇವಕಾರಕ ಲೇಪನಗಳಿಂದ ಒಣಗುವಿಕೆಗೆ ಉಪಶಮನವಿದೆ. ಮನಸ್ಸಿನ ಕುಗ್ಗುವಿಕೆಗೆ ಆಪ್ತಸಮಾಲೋಚನೆಯಿದೆ, ಔಷಧಿಯೂ ಇದೆ. ಆದರೆ ಪೆರಾಕ್ಸೆಟೀನ್, ಫ್ಲೂಆಕ್ಸೆಟೀನ್‌ನಂತಹ ಕೆಲವು ಔಷಧಿಗಳು ಟ್ಯಾಮೋಕ್ಸಿಫೆನ್ನಿನ ಶಕ್ತಿಯನ್ನು ಕುಗ್ಗಿಸಬಲ್ಲವು. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಎಲ್ಲ ಗುಳಿಗೆಗಳ ಪಟ್ಟಿಯನ್ನು ತೋರಿಸಬೇಕು.

ಪುರುಷರ ಮೌನ ಇನ್ನೂ ಗಾಢವಾದುದು. 1941ರಲ್ಲಿ ಚಾರ್ಲ್ಸ್ ಹಗ್ಗಿನ್ಸ್ ಅವರು ಪ್ರಾಸ್ಟೇಟ್ ಕ್ಯಾನ್ಸರ್ ಪುರುಷ ಹಾರ್ಮೋನನ್ನು ಅವಲಂಬಿಸಿರುವುದನ್ನು ತೋರಿಸಿದರು. ಅದಕ್ಕಾಗಿ 1966ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಈಗ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ನೀಡುವ ಚುಚ್ಚುಮದ್ದುಗಳು ಆ ಹಾರ್ಮೋನನ್ನು ತಗ್ಗಿಸುತ್ತವೆ. ಇದರಿಂದ ಗಂಡಸರಿಗೂ ಮೈ ಬಿಸಿಯೇರುತ್ತದೆ, ಸ್ನಾಯು ಕರಗುತ್ತದೆ, ಎದೆ ಉಬ್ಬಬಹುದು, ಕಾಮಾಸಕ್ತಿ ಕುಂದುತ್ತದೆ, ಸಕ್ಕರೆ ಕಾಯಿಲೆಯ ಸಂಭವ ಹೆಚ್ಚುತ್ತದೆ. ಇದು ಔಷಧಿಯ ಕೆಲಸ, ಪೌರುಷದ ಸೋಲಲ್ಲ. ಪತಿ ಪತ್ನಿಯರು ಒಟ್ಟಿಗೆ ವೈದ್ಯರ ಮುಂದೆ ಕುಳಿತರೆ ಅರ್ಧ ಭಾರ ಇಳಿಯುತ್ತದೆ.

ತಡಮಾಡಬಾರದ ಲಕ್ಷಣಗಳು

ಟ್ಯಾಮೋಕ್ಸಿಫೆನ್ ಅಪರೂಪವಾಗಿ ರಕ್ತ ಹೆಪ್ಪುಗಟ್ಟಿಸುತ್ತದೆ. ಗರ್ಭಕೋಶದ ಒಳಪದರವನ್ನೂ ದಪ್ಪವಾಗಿಸಬಹುದು. ಒಂದೇ ಕಾಲು ಊದಿ ನೋಯುವುದು, ಹಠಾತ್ ಎದೆನೋವು, ಉಸಿರಾಟದ ತೊಂದರೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತ ನಂತರ ರಕ್ತ ಕಂಡರೆ ಒಂದು ಹನಿಯಾದರೂ ವೈದ್ಯರಿಗೆ ತಿಳಿಸಬೇಕು. ಟ್ಯಾಮೋಕ್ಸಿಫೆನ್ ಸೇವಿಸುವ ಕಾಲದಲ್ಲಿ ಗರ್ಭಧಾರಣೆ ಆಗಬಾರದು. ಅದನ್ನು ತಡೆಯಲು ಹಾರ್ಮೋನಿಲ್ಲದ ವಿಧಾನವನ್ನೇ ಅನುಸರಿಸಬೇಕು.

ನೆರೆಹೊರೆಯವರು ಹೇಳುವ ಹಾರ್ಮೋನು ಸಮತೋಲನದ ಪುಡಿ, ಲೇಹ್ಯಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು. ಅಡುಗೆಯ ಅರಿಶಿನಕ್ಕೆ ಭಯವಿಲ್ಲ. ಆದರೆ ಅರಿಶಿನದ ಸಾಂದ್ರೀಕೃತ ಮಾತ್ರೆಗಳು ಟ್ಯಾಮೋಕ್ಸಿಫೆನ್ನಿನ ಪರಿಣಾಮಕಾರಿ ಅಂಶವನ್ನು ರಕ್ತದಲ್ಲಿ ತಗ್ಗಿಸಬಹುದೆಂದು ತಿಳಿದಿದೆ.

ನಿತ್ಯನೇಮ

ಬೆಳಗಿನ ಇಷ್ಟಲಿಂಗ ಪೂಜೆಯ ಬಳಿಕ ಗುಳಿಗೆ ತೆಗೆದುಕೊಳ್ಳುವ ರೂಢಿ ಮಾಡಿಕೊಂಡರೆ ಮರೆಯುವ ಪ್ರಸಂಗವೇ ಬರುವುದಿಲ್ಲ. ಶ್ರಾವಣದ ಸೋಮವಾರವಿರಲಿ, ಶಿವರಾತ್ರಿಯ ಉಪವಾಸವಿರಲಿ, ನೀರಿನೊಂದಿಗೆ ಈ ಗುಳಿಗೆ ನುಂಗುವುದರಿಂದ ವ್ರತಕ್ಕೆ ಭಂಗವಿಲ್ಲವೆಂದು ನಾವು ತಿಳಿಯುತ್ತೇವೆ. ಒಂದು ದಿನ ತಪ್ಪಿದರೆ ಮರುದಿನ ಎರಡು ನುಂಗುವುದು ಬೇಡ. ಟ್ಯಾಮೋಕ್ಸಿಫೆನ್, ಲೆಟ್ರೋಜೋಲ್‌ಗಳು ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಖರ್ಚಿನ ಚಿಂತೆಯಿದ್ದರೆ ಜನೌಷಧಿ ಕೇಂದ್ರಗಳಲ್ಲಿ ವಿಚಾರಿಸಬಹುದು.

ಹಿಂದೆ ಇಂತಹ ಸಲಹೆಗಾಗಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯವರೆಗೆ ಪ್ರಯಾಣಿಸಬೇಕಾಗಿತ್ತು. ಇಂದು ಮೈಸೂರಿನಲ್ಲಿಯೇ ಜೆ.ಎಸ್.ಎಸ್. ಆಸ್ಪತ್ರೆ, ಭಾರತ್ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ತಜ್ಞರಿದ್ದಾರೆ. ತೊಂದರೆಯನ್ನು ಹೇಳಿದರೆ ಗುಳಿಗೆ ಬದಲಿಸಬಹುದು, ಕೆಲಕಾಲ ಬಿಡುವು ಕೊಡಬಹುದು, ಉಪಶಮನದ ಔಷಧಿ ಸೇರಿಸಬಹುದು. ಹೇಳದೆ ನಿಲ್ಲಿಸಿದರೆ ಇವಾವುದಕ್ಕೂ ಅವಕಾಶವಿಲ್ಲ.

ಮನೆಯವರಲ್ಲಿ ನಮ್ಮದೊಂದು ವಿನಂತಿ. ಕೂದಲು ಮತ್ತೆ ಬೆಳೆದಿದೆ, ಅಡುಗೆಮನೆಗೆ ಮರಳಿದ್ದಾರೆ ಎಂದಮಾತ್ರಕ್ಕೆ ಅವರ ಚಿಕಿತ್ಸೆ ಮುಗಿಯಿತೆಂದು ಭಾವಿಸಬೇಡಿ. ನಡುರಾತ್ರಿ ಎದ್ದು ಕಿಟಕಿ ತೆರೆಯುವವರಿಗೆ ಒಂದು ಲೋಟ ನೀರು ಕೊಟ್ಟು, “ಇಂದು ಹೇಗಿದೆ?” ಎಂದು ಕೇಳುವುದೂ ದಾಸೋಹವೇ. ಮೌನ ಮುರಿಯಲು ಅಷ್ಟು ಸಾಕು.