ತುತ್ತೇ ತರುವ ಆಪತ್ತು

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ತುದಿಯಲ್ಲಿರುವ ಫ್ಲಾರಿಡಾ ರಾಜ್ಯವು ಕೆರೆ, ಕಾಲುವೆ, ಜೌಗುಗಳ ನಾಡು. ಅಲ್ಲಿನ ಸಿಹಿನೀರಿನಲ್ಲಿ ‘ಆಲಿಗೇಟರ್’ ಎಂಬ ಪ್ರಾಣಿ ವಾಸಿಸುತ್ತದೆ. ಭಾರತದ ನದಿಗಳ ಮೊಸಳೆಗೆ ಇದು ದೂರದ ಬಂಧು. ಅಗಲವಾದ ದುಂಡು ಮೂತಿ ಇದರ ಲಕ್ಷಣ.

ಚರ್ಮದಾಸೆಯ ಬೇಟೆಯಿಂದ ಕ್ಷೀಣಿಸಿದ್ದ ಈ ಸಂತತಿಯನ್ನು 1967ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಿ ರಕ್ಷಿಸಲಾಯಿತು. 1987ರಲ್ಲಿ ಅದು ಪೂರ್ಣವಾಗಿ ಚೇತರಿಸಿಕೊಂಡಿತೆಂದು ಘೋಷಿಸಲಾಯಿತು. ಇಂದು ಫ್ಲಾರಿಡಾದಲ್ಲಿ ಸುಮಾರು 13 ಲಕ್ಷ ಆಲಿಗೇಟರ್‌ಗಳಿವೆಯೆಂದು ಅಂದಾಜು. ಜನವಸತಿಯೂ ನೀರಿನಂಚಿನವರೆಗೆ ಹಬ್ಬಿದುದರಿಂದ ಮನುಷ್ಯನೂ ಮೊಸಳೆಯೂ ನೆರೆಹೊರೆಯವರಾದರು.

ಈ ನೆರೆಯನ್ನು ನಿಭಾಯಿಸಲು ಅಲ್ಲಿನ ಸರ್ಕಾರ 1978ರಲ್ಲಿ ಒಂದು ವ್ಯವಸ್ಥೆಯನ್ನು ರೂಪಿಸಿತು. ನಾಲ್ಕು ಅಡಿ ಅಥವಾ ಅದಕ್ಕಿಂತ ಉದ್ದದ ಆಲಿಗೇಟರ್‌ನಿಂದ ಜನರಿಗೆ, ಸಾಕುಪ್ರಾಣಿಗಳಿಗೆ ಅಪಾಯವಿದೆಯೆಂದು ದೂರು ಬಂದರೆ, ಸರ್ಕಾರ ಗೊತ್ತುಪಡಿಸಿದ ಹಿಡಿಯುವವರು ಬಂದು ಅದನ್ನು ಒಯ್ಯುತ್ತಾರೆ. ಹಾಗೆ ಹಿಡಿದವುಗಳಲ್ಲಿ ಬಹುಪಾಲನ್ನು ಕೊಲ್ಲಲಾಗುತ್ತದೆ. ದೂರ ಬಿಟ್ಟುಬರಬಾರದೇಕೆ ಎಂಬ ಪ್ರಶ್ನೆ ಸಹಜ. ಬಿಟ್ಟರೆ ಅದು ಹಳೆಯ ನೆಲೆಗೇ ಮರಳಲು ಯತ್ನಿಸುತ್ತದೆ; ಹೊಸ ನೀರಿನಲ್ಲಾದರೋ ಬೇರೆ ಆಲಿಗೇಟರ್‌ಗಳು ಆಗಲೇ ನೆಲೆಸಿರುತ್ತವೆ.

ಆಲಿಗೇಟರ್‌ಗೆ ಮನುಷ್ಯನೆಂದರೆ ಸ್ವಭಾವತಃ ಅಂಜಿಕೆ. ಆ ಅಂಜಿಕೆಯೇ ಇಬ್ಬರಿಗೂ ರಕ್ಷೆ. ದಡದಲ್ಲಿ ನಿಂತವರು ಮರುಕದಿಂದಲೋ ವಿನೋದಕ್ಕೋ ಆಹಾರವನ್ನೆಸೆದರೆ, ಅದು ಭಯವನ್ನು ತೊರೆದು, ಮನುಷ್ಯನ ಸುಳಿವನ್ನೇ ಊಟದ ಸೂಚನೆಯೆಂದು ಭಾವಿಸುತ್ತದೆ. ತುತ್ತು ಹಾಕಿದವನು ಹೊರಟುಹೋಗುತ್ತಾನೆ. ಮರುದಿನ ಅದೇ ದಡಕ್ಕೆ ಬರುವುದು ಏನೂ ಅರಿಯದ ಮಗುವಿರಬಹುದು. ಆದ್ದರಿಂದಲೇ ಕಾಡು ಆಲಿಗೇಟರ್‌ಗೆ ಆಹಾರ ಹಾಕುವುದು ಅಲ್ಲಿ ಅಪರಾಧ.

ಎಚ್ಚರಿಕೆಯ ಮಾತೂ ಸ್ಪಷ್ಟವಾಗಿರಬೇಕು. 2016ರ ಜೂನ್‌ನಲ್ಲಿ ಒರ್ಲ್ಯಾಂಡೊ ಬಳಿಯ ವಿಹಾರಧಾಮವೊಂದರಲ್ಲಿ, ರಾತ್ರಿಯ ವೇಳೆ ನೀರಿನಂಚಿನಲ್ಲಿದ್ದ ಎರಡು ವರ್ಷದ ಮಗುವನ್ನು ಆಲಿಗೇಟರ್ ಎಳೆದೊಯ್ದು ಕೊಂದಿತು. ಅಲ್ಲಿದ್ದ ಫಲಕಗಳು ಈಜಬಾರದೆಂದಷ್ಟೇ ಹೇಳಿದ್ದವು. ಆಲಿಗೇಟರ್‌ನ ಹೆಸರು ಫಲಕಗಳ ಮೇಲೆ ಬಂದುದು ದುರಂತದ ನಂತರ.

ಪಾಲಿಸಬೇಕಾದ ನಿಯಮಗಳು ಸರಳ: ಮುಸ್ಸಂಜೆಯಿಂದ ಮುಂಜಾವಿನವರೆಗೆ ನೀರಿಗಿಳಿಯಬಾರದು, ಮಕ್ಕಳನ್ನೂ ನಾಯಿಗಳನ್ನೂ ದಡದಿಂದ ದೂರವಿರಿಸಬೇಕು, ಮೀನಿನ ತ್ಯಾಜ್ಯವನ್ನು ನೀರಿಗೆಸೆಯಬಾರದು, ಪ್ರಾಣಿಯ ಸಮೀಪಕ್ಕೆ ಹೋಗಬಾರದು.

ಹಸಿದವರಿಗೆ ಅನ್ನವಿಕ್ಕುವುದನ್ನು ದಾಸೋಹವೆಂದು ಗೌರವಿಸುವ ಸಂಸ್ಕೃತಿಗೆ, ಉಣಿಸದಿರುವುದೂ ದಯೆಯೆಂಬ ಮಾತು ಮೊದಲಿಗೆ ವಿಚಿತ್ರವೆನಿಸೀತು. ಆದರೆ ವನ್ಯಜೀವಿಯ ಆಹಾರವನ್ನು ಪ್ರಕೃತಿಯೇ ಒದಗಿಸಿದೆ. ಮನುಷ್ಯನು ಅದಕ್ಕೆ ಸಲ್ಲಿಸಬೇಕಾದುದು ತುತ್ತಲ್ಲ, ದೂರ. ಅರಿವಿಲ್ಲದ ದಯೆ ಮಗುವಿಗೂ ಮೊಸಳೆಗೂ ಮೃತ್ಯುವಾಗಬಲ್ಲದೆಂಬುದನ್ನು ಶಾಲೆಯ ಮಕ್ಕಳಿಗೆ ತಿಳಿಸುವುದು ಗುರುಹಿರಿಯರ ಕರ್ತವ್ಯ.