ಈ ತಿಂಗಳ ಪಾಠ: ಸುಮ್ಮನೆ ಕೂರುವ ಹತ್ತು ನಿಮಿಷ



ಉಳಿತಾಯ, ಒಳಸಾಲ, ಪುಸ್ತಕ ಬರೆಯುವುದು ಎಲ್ಲವನ್ನೂ ಸಂಘದಲ್ಲಿ ಕಲಿತಿದ್ದೇವೆ. ಈ ಬಾರಿಯ ಪಾಠಕ್ಕೆ ಪೆನ್ನೂ ಬೇಡ, ಲೆಕ್ಕದ ಪುಸ್ತಕವೂ ಬೇಡ. ಸುಮ್ಮನೆ ಕೂರುವುದನ್ನು ಕಲಿಯೋಣ. "ಅದನ್ನೂ ಕಲೀಬೇಕಾ ಸಿಸ್ಟರ್?" ಎಂದು ನಗಬೇಡಿ. ನಮ್ಮ ಹೆಣ್ಣುಮಕ್ಕಳಿಗೆ ಇದು ಬಹಳ ಕಷ್ಟದ ಪಾಠ. ಟಿ.ವಿ. ನೋಡುವಾಗಲೂ ನಮ್ಮ ಕೈ ಹೂ ಕಟ್ಟುತ್ತಿರುತ್ತದೆ, ಇಲ್ಲವೇ ಬೆಳ್ಳುಳ್ಳಿ ಬಿಡಿಸುತ್ತಿರುತ್ತದೆ. ಹೆಂಗಸು ಸುಮ್ಮನೆ ಕೂತರೆ ಮನೆಯವರು ಮೊದಲು ಕೇಳುವುದು "ಯಾಕೆ, ಹುಷಾರಿಲ್ವಾ?" ಅಂತ. ಆಮೇಲೆ "ಕೆಲಸ ಇಲ್ವಾ?" ಅಂತ.

ಮೈ ಮಲಗಿದರೂ ಮನಸ್ಸು ಮಲಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ. ಗುರುವಾರದ ಕಂತು, ಮಗಳ ಫೀಸು, ಗಂಡನ ಕುಡಿತ, ಅತ್ತೆಯ ಬಿ.ಪಿ. ಮಾತ್ರೆ, ಹೀಗೆ ಒಂದರ ಹಿಂದೆ ಒಂದು ಬಂದು ನಿಲ್ಲುತ್ತವೆ. "ಐದು ಗಂಟೆಗೆ ಏಳ್ಬೇಕು, ಈಗ ನಿದ್ದೆ ಮಾಡ್ಲೇಬೇಕು" ಎಂದು ಕಣ್ಣನ್ನು ಬಿಗಿಯಾಗಿ ಮುಚ್ಚಿದಷ್ಟೂ ನಿದ್ದೆ ದೂರ ಹೋಗುತ್ತದೆ. ಇದು ನಿಮ್ಮೊಬ್ಬರ ದೋಷವಲ್ಲ, ಎಲ್ಲರ ಮನಸ್ಸಿನ ಗುಣವೇ ಇದು.

ಔಷಧಿ ಕುಡಿಯುವಾಗ ಕೋತಿಯನ್ನು ನೆನೆಯಬೇಡ ಎಂದ ವೈದ್ಯರ ಕಥೆ ನಿಮಗೆ ಗೊತ್ತು. ಪಾಪ, ಆ ರೋಗಿ ಲೋಟ ಎತ್ತಿದಾಗಲೆಲ್ಲ ಕೋತಿಯೇ ಕಣ್ಣೆದುರು ಬರುತ್ತಿತ್ತು. 1987ರಲ್ಲಿ ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಮತ್ತು ಸಂಗಡಿಗರು ಹೆಚ್ಚುಕಡಿಮೆ ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಅವರ ಪರೀಕ್ಷೆಯಲ್ಲಿ ಕೋತಿಯ ಬದಲು ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದು ಕಾಲೇಜು ವಿದ್ಯಾರ್ಥಿಗಳಿಗೆ ಹೇಳಿದರು. ಮತ್ತೆ ಮತ್ತೆ ಗಂಟೆ ಬಾರಿಸಿತು. ಆಮೇಲೆ "ಈಗ ನೆನೆಯಿರಿ" ಎಂದಾಗ, ಮೊದಲಿನಿಂದಲೇ ನೆನೆಯಲು ಬಿಟ್ಟವರಿಗಿಂತ ಇವರಿಗೇ ಕರಡಿ ಹೆಚ್ಚು ಸಲ ಬಂತು! ಚಿಂತೆಯನ್ನು ಬಲವಂತವಾಗಿ ಒಳಗೆ ತಳ್ಳಿದರೂ ಹೀಗೆಯೇ ಆಗುತ್ತದೆ.

ಹಾಗಾದರೆ ಏನು ಮಾಡಬೇಕು? ಹಾಲಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಹಾಲು ಕಾಯಿಸುವುದು, ಉಗುರು ಬೆಚ್ಚಗೆ ಆರಿಸುವುದು, ಒಂದು ಚಮಚ ಮೊಸರು ಬೆರೆಸುವುದು ನಿಮ್ಮ ಕೆಲಸ. ಅಲ್ಲಿಗೆ ಅದು ಮುಗಿಯಿತು. ಗಂಟೆಗೊಮ್ಮೆ ಮುಚ್ಚಳ ತೆಗೆದು ಪಾತ್ರೆ ಅಲುಗಾಡಿಸಿದರೆ ಮೊಸರು ಗಟ್ಟಿಯಾಗುವುದಿಲ್ಲ. ಮೊಸರು ಮಾಡುವವರು ನಾವಲ್ಲ, ಅದು ತಾನಾಗಿ ಆಗುತ್ತದೆ. ನಾವು ಜಾಗ ಮಾಡಿಕೊಟ್ಟು ಕೈ ತೆಗೆಯುತ್ತೇವೆ, ಅಷ್ಟೇ. ಶಾಂತಿಯೂ ಹಾಗೆಯೇ ಬರುತ್ತದೆ. "ಇವತ್ತು ಶಾಂತಿ ಬರಲೇಬೇಕು" ಎಂದು ಹಟ ಹಿಡಿದರೆ, ಇರುವ ಹತ್ತು ಕೆಲಸಕ್ಕೆ ಹನ್ನೊಂದನೆಯದು ಸೇರಿದ ಹಾಗೆ.

ಹಾರ್ವರ್ಡ್‌ನ ಹೃದಯ ವೈದ್ಯ ಹರ್ಬರ್ಟ್ ಬೆನ್ಸನ್ ಮಹರ್ಷಿ ಮಹೇಶ ಯೋಗಿಯವರ ಧ್ಯಾನ ಪದ್ಧತಿಯವರನ್ನು ಪರೀಕ್ಷಿಸಿದ್ದರು. ಧ್ಯಾನದಲ್ಲಿ ಅವರ ಉಸಿರು, ಹೃದಯ ಬಡಿತ ನಿಧಾನವಾಗುತ್ತಿತ್ತು. ಬೆದರಿಕೆ ಬಂದಾಗ ಎದೆ ಹೊಡೆದುಕೊಳ್ಳುತ್ತದಲ್ಲ, ಅದಕ್ಕೆ ತದ್ವಿರುದ್ಧ. ಇದಕ್ಕೆ ವಿಶೇಷ ಮಂತ್ರವೇ ಆಗಬೇಕಿಲ್ಲ, ಯಾವುದೇ ಪದವಾದರೂ ಸಾಕು ಎಂದು ಅವರು 1975ರ ತಮ್ಮ ಪುಸ್ತಕದಲ್ಲಿ ಬರೆದರು. ಎಲ್ಲಕ್ಕಿಂತ ಮುಖ್ಯವೆಂದು ಅವರು ಹೇಳಿದ್ದು ಇದು: ಸರಿಯಾಗಿ ಮಾಡುತ್ತಿದ್ದೇನೋ ಇಲ್ಲವೋ ಎಂಬ ಚಿಂತೆಯನ್ನೇ ಬಿಡುವುದು. ಓದಿದವರಿಗೆ ಇದೇ ಕಷ್ಟ, ನಮಗೆ ಎಲ್ಲದಕ್ಕೂ ಅಂಕ ಬೇಕು!

ವಿಧಾನ ಸುಲಭ. ಊಟವಾದ ಎರಡು ಗಂಟೆಯೊಳಗೆ ಬೇಡ. ಗೋಡೆಗೆ ಒರಗಿಯೋ ಕುರ್ಚಿಯಲ್ಲೋ ಆರಾಮಾಗಿ ಕೂತ್ಕೊಳ್ಳಿ, ಕಣ್ಣು ಮುಚ್ಚಿ. ಪಾದದಿಂದ ಶುರುಮಾಡಿ ಮೊಣಕಾಲು, ಸೊಂಟ, ಭುಜ, ಮುಖದವರೆಗೆ ಒಂದೊಂದೇ ಕಡೆ ಬಿಗಿ ಸಡಿಲಿಸಿ. ದವಡೆಯನ್ನು ಮರೆಯಬೇಡಿ, ಹೇಳದೆ ನುಂಗಿದ ಮಾತೆಲ್ಲ ಅಲ್ಲೇ ಗಟ್ಟಿಯಾಗಿರುತ್ತದೆ. ಮೂಗಿನಿಂದ ಸಹಜವಾಗಿ ಉಸಿರಾಡಿ. ಉಸಿರು ಹೊರಗೆ ಬಿಡುವಾಗ ಮನಸ್ಸಿನಲ್ಲೇ ಒಂದು ಪದ ಹೇಳಿಕೊಳ್ಳಿ. ಶಿವ ಅನ್ನಿ, ಅಲ್ಲಾಹ್ ಅನ್ನಿ, ಯೇಸು ಅನ್ನಿ, ಬರೀ "ಒಂದು" ಎಂದರೂ ಆಗುತ್ತದೆ. ನಡುವೆ ಕಂತು ನೆನಪಾಗುತ್ತದೆ, ಒಲೆ ಮೇಲಿನ ಸಾರು ನೆನಪಾಗುತ್ತದೆ. ಅಯ್ಯೋ ತಪ್ಪಿತಲ್ಲ ಅನ್ನಬೇಡಿ. ಬಾಗಿಲ ಮುಂದೆ ಹೋಗುವವರನ್ನು ನೋಡಿದ ಹಾಗೆ ನೋಡಿ, ಮತ್ತೆ ಆ ಪದಕ್ಕೆ ಬನ್ನಿ. ನೂರು ಸಲ ತಪ್ಪಿದರೆ ನೂರು ಸಲ ಬನ್ನಿ. ಹತ್ತು ನಿಮಿಷವಾದ ಮೇಲೆ ತಟ್ಟನೆ ಏಳದೆ ಸ್ವಲ್ಪ ಹೊತ್ತು ಹಾಗೇ ಇರಿ. ಕಣ್ಣು ಮುಚ್ಚಿದರೆ ಹಳೆಯ ಭಯ ಏಳುವವರು ಕಣ್ಣು ತೆರೆದೇ ನೆಲ ನೋಡುತ್ತಾ ಕೂರಬಹುದು.

ಇಲ್ಲಿ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು. ಬಿಟ್ಟುಬಿಡುವುದು ಎಂದರೆ ಸಹಿಸಿಕೊಂಡು ಇರುವುದಲ್ಲ. ಹೆಣ್ಣಿಗೆ "ಸುಮ್ಮನಿರು" ಎಂದು ಹೇಳಿ ಹೇಳಿಯೇ ಎಷ್ಟೋ ಅನ್ಯಾಯ ನಡೆದುಹೋಗಿದೆ. ಆ ಸುಮ್ಮನೆ ಬೇರೆ, ನಮ್ಮ ಈ ಸುಮ್ಮನೆ ಬೇರೆ. ಮನೆಯಲ್ಲಿ ಹೊಡೆತವಿದ್ದರೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ, 181ಕ್ಕೆ ಫೋನ್ ಮಾಡಿ. ಸಾಲ ವಸೂಲಿಗೆ ಬಂದವರು ಬೆದರಿಸಿ ಅವಮಾನ ಮಾಡುವುದನ್ನು ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ. ಸಂಘದವರನ್ನು ಜೊತೆಗೆ ಕರೆದುಕೊಂಡೇ ಪೊಲೀಸ್ ಠಾಣೆಗೆ ಹೋಗಿ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೇ ಬೇಡ ಅನಿಸುತ್ತದೆ ಎಂದಾದರೆ ಕೂತು ಧ್ಯಾನ ಮಾಡಿದರೆ ಸಾಲದು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸೇವೆ ಇದು.

ಮಾಡಬೇಕಾದ್ದನ್ನು ಮಾಡಿದ ಮೇಲೂ ಉಳಿಯುವ ಭಾರವೊಂದಿದೆ. ಮಗ ಪಾಸಾಗುತ್ತಾನೋ, ಮಳೆ ಬರುತ್ತದೋ, ಗಂಡ ನಾಳೆ ಕುಡಿಯದೆ ಬರುತ್ತಾರೋ. ಇವು ನಿಮ್ಮ ಕೈಯಲ್ಲಿಲ್ಲ. ಹತ್ತು ನಿಮಿಷದ ಮಟ್ಟಿಗೆ ಕೆಳಗಿಡಬೇಕಾದ್ದು ಇವನ್ನು. ಕೊಡವನ್ನು ಕಟ್ಟೆಯ ಮೇಲಿಟ್ಟು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತೇವಲ್ಲ, ಹಾಗೆ.

ಮನೆಯಲ್ಲಿ ಜಾಗವಿಲ್ಲ, ಬಿಡುವಿಲ್ಲ ಎನ್ನುವವರಿಗಾಗಿ ಮುಂದಿನ ವಾರದ ಸಭೆಯಲ್ಲೇ ಶುರುಮಾಡೋಣ. ಚಾಪೆ ಹಾಸಿ, ಮೊಬೈಲುಗಳನ್ನು ಒಂದು ಬುಟ್ಟಿಯಲ್ಲಿಡಿ. ಅಧ್ಯಕ್ಷೆಯವರು ಗಡಿಯಾರ ನೋಡಿಕೊಳ್ಳಲಿ, ಮಕ್ಕಳನ್ನು ಒಬ್ಬರು ಹೊರಗೆ ಆಡಿಸಲಿ. ಅವರ ಸರದಿ ಮರುವಾರ. ಹತ್ತು ನಿಮಿಷವಾದ ಮೇಲೆ ಹೇಗನಿಸಿತು ಎಂದು ಇಷ್ಟವಿದ್ದವರು ಹೇಳಲಿ, ಏನೂ ಅನಿಸಲಿಲ್ಲ ಎಂದರೂ ಸರಿಯೇ. ಆಮೇಲೆ ಹಾಜರಿ, ಉಳಿತಾಯ, ಕಂತಿನ ಲೆಕ್ಕ ಎಂದಿನಂತೆ ನಡೆಯಲಿ.